ಅಗಲ ಮೇಜು ಯಾರದು? ಧಾರವಾಡದ ಒಂದು ರೀಡಿಂಗ್ ರೂಮಿನ ಲೆಕ್ಕ

ಧಾರವಾಡದ ಸಪ್ತಾಪುರದಲ್ಲಿ ನನ್ನ ತಮ್ಮ ಒಂದು ರೀಡಿಂಗ್ ರೂಮ್ ನಡೆಸುತ್ತಾನೆ. ನಾನು ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸಿ ನಿವೃತ್ತನಾದವನು. ಸಂಜೆ ಅಲ್ಲಿಗೆ ಹೋಗಿ ಲೆಕ್ಕ ಬರೆಯುತ್ತೇನೆ. ಸಪ್ತಾಪುರ, ಕಲ್ಯಾಣನಗರದ ಕಡೆ ಇಂಥ ಕೋಣೆಗಳು ಗಲ್ಲಿಗೊಂದು ಇವೆ. ಹಾವೇರಿ, ಗದಗ, ಬಾಗಲಕೋಟೆ, ವಿಜಯಪುರ, ಕೊಪ್ಪಳದ ಹಳ್ಳಿಗಳಿಂದ ಬಂದ ಹುಡುಗರು, ಹುಡುಗಿಯರು ಪಿಎಸ್‌ಐ, ಪಿಡಿಒ, ಎಫ್‌ಡಿಎ, ಕೆಎಎಸ್ ಎಂದು ಸರ್ಕಾರಿ ಹುದ್ದೆಯ ಪರೀಕ್ಷೆಗಳಿಗೆ ಓದುತ್ತಾ ಇಲ್ಲೇ ವರ್ಷಗಟ್ಟಲೆ ಇರುತ್ತಾರೆ. ಪಿಜಿಯಲ್ಲಿ ಮಲಗುತ್ತಾರೆ, ಖಾನಾವಳಿಯಲ್ಲಿ ಉಣ್ಣುತ್ತಾರೆ, ಉಳಿದ ಹೊತ್ತೆಲ್ಲ ರೀಡಿಂಗ್ ರೂಮಿನಲ್ಲೇ.

ನಮ್ಮಲ್ಲಿ 60 ಸೀಟು. ತಿಂಗಳಿಗೆ 600 ರೂಪಾಯಿ. ನೇಮಕಾತಿಯ ಅಧಿಸೂಚನೆ ಬಂದಾಗ ಎಲ್ಲವೂ ತುಂಬುತ್ತವೆ. ಇಲ್ಲದಿದ್ದರೆ ಹತ್ತು, ಹನ್ನೆರಡು ಸೀಟು ಖಾಲಿ. ಈ ಕೊನೆಯ ಮಾತು ನೆನಪಿರಲಿ, ಮುಂದೆ ಲೆಕ್ಕಕ್ಕೆ ಬೇಕಾಗುತ್ತದೆ.

2022ರ ಮಳೆಗಾಲದಲ್ಲಿ ಇಬ್ಬರು ಬಂದು ಸೇರಿದರು. ಒಬ್ಬ ಶಿಗ್ಗಾವಿ ಕಡೆಯ ಹುಡುಗ. ಟ್ರ್ಯಾಕ್ಟರ್ ಮೇಲಿಂದ ಬಿದ್ದು ಕಾಲಿನ ಬಲ ಕಳೆದುಕೊಂಡಿದ್ದ. ಎರಡೂ ಕೈಗೆ ಊರುಗೋಲು. ಇನ್ನೊಬ್ಬಳು ರೋಣದ ಕಡೆಯ ಹೆಣ್ಣುಮಗಳು. ಅವಳಿಗೆ ದೃಷ್ಟಿ ತೀರಾ ಕಡಿಮೆ. ದೊಡ್ಡ ಅಕ್ಷರದ ಹಾಳೆ, ಭೂತಗನ್ನಡಿ, ಫೋನ್ ಇವೇ ಅವಳ ಓದಿನ ಸಾಮಾನು. ಇಬ್ಬರಿಗೂ ಬೇಕಾದ್ದನ್ನು ಕೇಳಿಕೊಂಡು ನಾವು ಮೂರು ಕೆಲಸ ಮಾಡಿಸಿದೆವು. ಬಾಗಿಲಿಗೆ ರ‍್ಯಾಂಪ್. ಕೆಳಗಿನ ಮಹಡಿಯಲ್ಲಿ ಹಿಡಿಕೆ ಇರುವ ಅಗಲವಾದ ಶೌಚಾಲಯ. ಕಿಟಕಿ ಪಕ್ಕ ನಾಲ್ಕು ಅಡಿ ಅಗಲದ ಎರಡು ಮೇಜು, ಅವಕ್ಕೆ ಒಳ್ಳೆಯ ದೀಪ, ಪ್ಲಗ್ ಪಾಯಿಂಟ್. ನಮ್ಮ ಮಾಮೂಲಿ ಮೇಜು ಎರಡೂವರೆ ಅಡಿ.

ಇವನ್ನು ಮಾಡಿಸುವುದು ಕಷ್ಟವಾಗಲಿಲ್ಲ. ಮಾಡಿಸಿದ ಮೇಲೆ ಉಳಿದ 58 ಜನರೂ ಬಳಸತೊಡಗಿದರು. ಆಗ ಏನಾಯಿತು ಎನ್ನುವುದೇ ಈ ಪ್ರಕರಣ.

ರ‍್ಯಾಂಪ್

ಬಾಗಿಲಿಗೆ ಮೂರು ಪಾವಟಿಗೆ, ಒಂದೊಂದು ಆರು ಇಂಚು. ಒಟ್ಟು ಎತ್ತರ 18 ಇಂಚು. ಒಂದು ಅಡಿ ಏರಲು 12 ಅಡಿ ಉದ್ದ ಬೇಕು ಎನ್ನುವುದು ರ‍್ಯಾಂಪಿನ ನಿಯಮ. ಅಂದರೆ ನಮಗೆ 18 ಅಡಿ ಬೇಕು. ಮುಂದಿದ್ದ ಜಾಗ ಹತ್ತೇ ಅಡಿ. ಗೌಂಡಿ, "ಹತ್ತಡಿಯೊಳಗ ಮುಗಿಸಿಬಿಡೂಣ್ರಿ, ಏರಾಕ ಬರ್ತದ" ಎಂದ. ಹಾಗೆ ಮಾಡಿಸಿದವರು ಊರಲ್ಲಿ ಬೇಕಾದಷ್ಟು ಜನ ಇದ್ದಾರೆ. ಅದರ ಮೇಲೆ ಬೈಕ್ ಹತ್ತುತ್ತದೆ, ಊರುಗೋಲು ಹತ್ತುವುದಿಲ್ಲ. ನಾವು ಸ್ವಲ್ಪ ದೂರ ಮುಂದೆ, ನಡುವೆ ಸಪಾಟು ಕಟ್ಟೆ, ಉಳಿದದ್ದನ್ನು ಪಕ್ಕಕ್ಕೆ ತಿರುಗಿಸಿ 18 ಅಡಿ ಪೂರ್ತಿ ಮಾಡಿಸಿದೆವು. 38,000 ರೂಪಾಯಿ ಆಯಿತು.

ಒಬ್ಬನಿಗಾಗಿ 38,000. ತಮ್ಮನಿಗೆ ಇದು ಹೊಟ್ಟೆಯಲ್ಲಿ ಕಲ್ಲು ಇಟ್ಟ ಹಾಗೆ ಆಗಿತ್ತು. ಆದರೆ ಒಂದು ತಿಂಗಳಲ್ಲೇ ನೋಡಿದೆವು, ನೀರಿನ ಕ್ಯಾನಿನವನು ಕೈಗಾಡಿಯನ್ನು ಸೀದಾ ಒಳಗೆ ತರುತ್ತಿದ್ದ. ಮಗನನ್ನು ನೋಡಲು ಹಳ್ಳಿಯಿಂದ ಬಂದ ಮಂಡಿನೋವಿನ ತಾಯಂದಿರು ಹೊರಗೆ ನಿಲ್ಲದೆ ಒಳಗೆ ಬಂದು ಕೂತರು. ಇದರಿಂದ ಶಿಗ್ಗಾವಿಯ ಹುಡುಗನಿಗೆ ಒಂದಿಂಚೂ ಕಡಿಮೆಯಾಗಲಿಲ್ಲ.

ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ನಮ್ಮ ಚಿಗರಿ ಬಸ್ ನೆನಪಿಸಿಕೊಳ್ಳಿ. 2018ರ ಅಕ್ಟೋಬರಿನಲ್ಲಿ ಪ್ರಾಯೋಗಿಕವಾಗಿ ಓಡಲು ಶುರುವಾಯಿತು. ನಿಲ್ದಾಣದ ಕಟ್ಟೆ ಮತ್ತು ಬಸ್ಸಿನ ನೆಲ ಒಂದೇ ಎತ್ತರ. ವೀಲ್‌ಚೇರ್ ಒಳಗೆ ಹೋಗಲು ಬೇಕಾದ ಸೌಲಭ್ಯವದು. ಮಗು ಎತ್ತಿಕೊಂಡವರು, ಚೀಲ ಹೊತ್ತವರು, ವಯಸ್ಸಾದವರು ಎಲ್ಲರೂ ಅದೇ ಸುಖ ಅನುಭವಿಸುತ್ತಾರೆ. ಯಾರ ಪಾಲನ್ನು ಯಾರೂ ಕಿತ್ತುಕೊಳ್ಳುವುದಿಲ್ಲ. ಅದೇ ಬಸ್ಸಿನಲ್ಲಿ ಅಂಗವಿಕಲರಿಗೆ ಮೀಸಲಾದ ಸೀಟಿನ ಕಥೆ ಬೇರೆ. ಅಲ್ಲಿ ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕು. ಹಂಚಿಕೊಂಡರೆ ಕರಗದ ವಸ್ತು ಬೇರೆ, ಕರಗುವ ವಸ್ತು ಬೇರೆ. ತರಗತಿಯಲ್ಲಿ ಮೂವತ್ತು ವರ್ಷ ಇದನ್ನೇ ಕಲಿಸಿದ್ದೆ. ಆದರೂ ನಮ್ಮ ಕೋಣೆಯೊಳಗೆ ಇದನ್ನು ಗುರುತಿಸಲು ನನಗೆ ತಡವಾಯಿತು.

ರ‍್ಯಾಂಪಿಗೂ ಒಂದು ತೊಂದರೆ ಬಂತು. ಅದರ ಬುಡದಲ್ಲಿ ಬೈಕ್ ನಿಲ್ಲಿಸುವುದು. ಒಂದೇ ಒಂದು ಬೈಕ್ ಸಾಕು, 38,000 ರೂಪಾಯಿಯ ಕೆಲಸ ಆ ಹೊತ್ತಿಗೆ ಸೊನ್ನೆ. ಎರಡು ಕಬ್ಬಿಣದ ಪೈಪ್ ನೆಟ್ಟು ಸರಿ ಮಾಡಿದೆವು.

ಶೌಚಾಲಯ

ಇಲ್ಲಿ ಆದದ್ದನ್ನು ಬರೆಯುವಾಗ ಈಗಲೂ ಬೇಜಾರಾಗುತ್ತದೆ.

ಮಹಡಿಯ ಮೇಲೆ ಮಾಮೂಲಿ ಶೌಚಾಲಯ ಎರಡಿವೆ. ಕೆಳಗಿನದು ದೊಡ್ಡದು, ಹೊಸದು, ಬೆಳಕು ಚೆನ್ನಾಗಿ ಬರುತ್ತದೆ. ಸಹಜವಾಗಿ ಎಲ್ಲರಿಗೂ ಅದೇ ಇಷ್ಟ. ಬೀಗ ಹಾಕುವುದು ಸಣ್ಣತನ ಅನಿಸಿತು, ಹಾಕಲಿಲ್ಲ. ಕಾಯುವ ತೊಂದರೆ ಮೊದಲ ವಾರವೇ ಕಂಡಿತು. ಆದರೆ ಕಾಯುವುದು ಎಲ್ಲರಿಗೂ ಒಂದೇ ಅಲ್ಲ. ಉಳಿದವರು ಬಾಗಿಲು ಹಾಕಿದ್ದರೆ ಮೇಲಕ್ಕೆ ಓಡುತ್ತಾರೆ. ಶಿಗ್ಗಾವಿಯ ಹುಡುಗನಿಗೆ ಇದೊಂದೇ.

ಕಾಯುವುದಕ್ಕಿಂತ ದೊಡ್ಡದು ಇನ್ನೊಂದಿತ್ತು, ಅದು ನಮ್ಮ ತಲೆಗೇ ಬಂದಿರಲಿಲ್ಲ. ಇಲ್ಲಿ ನಲ್ಲಿ ನೀರನ್ನು ನಂಬಿಕೊಂಡಿರಲು ಆಗುವುದಿಲ್ಲ. ಪಿಜಿಯಲ್ಲಿ ನೀರು ಖಾಲಿಯಾದ ದಿನ ಹುಡುಗರು ಬಕೆಟ್ ಹಿಡಿದು ಇಲ್ಲೇ ಸ್ನಾನ ಮಾಡತೊಡಗಿದರು. ಜಾಗ ದೊಡ್ಡದಿತ್ತಲ್ವಾ. ನೆಲ ಒದ್ದೆ. ಚಪ್ಪಲಿ ಹಾಕಿ ಎರಡು ಕಾಲಿನ ಮೇಲೆ ನಡೆಯುವವರಿಗೆ ಒದ್ದೆ ನೆಲ ಒಂದು ಲೆಕ್ಕವೇ ಅಲ್ಲ. ಊರುಗೋಲಿನ ತುದಿಯ ರಬ್ಬರಿಗೆ ಅದು ಎಣ್ಣೆ ಚೆಲ್ಲಿದ ಹಾಗೆ. ಒಂದು ಬೆಳಿಗ್ಗೆ ಅವನು ಜಾರಿ ಬಿದ್ದ. ಮಣಿಕಟ್ಟು ಉಳುಕಿತು. ಊರುಗೋಲು ಹಿಡಿಯುವವನಿಗೆ ಮಣಿಕಟ್ಟು ಹೋದರೆ ಕಾಲೂ ಹೋದಂತೆ. ಮೂರು ವಾರ ಊರಿಗೆ ಹೋಗಿ ಮಲಗಿದ. ಪರೀಕ್ಷೆಗೆ ಆಗ ಎರಡು ತಿಂಗಳಿತ್ತು.

ತಪ್ಪು ಸ್ನಾನ ಮಾಡಿದ ಹುಡುಗರದ್ದಲ್ಲ, ನಮ್ಮದು. ಬಳಸುವ ಜನ ಜಾಸ್ತಿಯಾದಂತೆ ಒಬ್ಬೊಬ್ಬರಿಗೆ ಬೀಳುವ ಖರ್ಚು ಇಳಿಯುತ್ತದೆ, ಒಂದು ಹಂತ ದಾಟಿದರೆ ನೂಕುನುಗ್ಗಲು ಶುರುವಾಗುತ್ತದೆ. ಅರ್ಥಶಾಸ್ತ್ರಜ್ಞ ಜೇಮ್ಸ್ ಬುಕಾನನ್ 1965ರಲ್ಲಿ ಕ್ಲಬ್ಬುಗಳ ಬಗ್ಗೆ ಬರೆದ ಪ್ರಸಿದ್ಧ ಲೇಖನದ ತಿರುಳು ಹೆಚ್ಚುಕಡಿಮೆ ಇದೇ. ನಾನು ಆ ಲೆಕ್ಕ ಹಾಕಿ, "ಇನ್ನೂ ನೂಕುನುಗ್ಗಲಿಲ್ಲ, ಇರಲಿ ಬಿಡು" ಎಂದಿದ್ದೆ. ಸದಸ್ಯರೆಲ್ಲ ಒಂದೇ ಥರದವರು ಎಂದುಕೊಂಡರೆ ಮಾತ್ರ ಆ ಲೆಕ್ಕ ಕೂಡುತ್ತದೆ. ನಮ್ಮಲ್ಲಿ ಹಾಗಿರಲಿಲ್ಲ. ಲಾಭ 58 ಜನಕ್ಕೆ ಚೂರು ಚೂರು ಹಂಚಿಹೋಗುತ್ತಿತ್ತು, ನಷ್ಟವೆಲ್ಲ ಒಬ್ಬನ ತಲೆಮೇಲೆ ಬೀಳುತ್ತಿತ್ತು. ಸರಾಸರಿ ತೆಗೆದರೆ ಅದು ಕಾಣುವುದೇ ಇಲ್ಲ.

ಅವನು ವಾಪಸ್ ಬರುವಷ್ಟರಲ್ಲಿ ಎರಡು ಬದಲಾವಣೆ ಮಾಡಿದೆವು. ಕೆಳಗಿನ ಶೌಚಾಲಯಕ್ಕೆ ಬೀಗ ಬಂತು. ಕೀಲಿಯನ್ನು ಅವನ ಕೈಗೇ ಕೊಟ್ಟೆವು, ನಮ್ಮ ಕೌಂಟರಿನಲ್ಲಿ ಬಂದು ಕೇಳುವಂತೆ ಇಡಲಿಲ್ಲ. ಇನ್ನೊಂದು, ಹಿತ್ತಲಲ್ಲಿ ನಲ್ಲಿ, ಕಲ್ಲು, ತಗಡಿನ ಮರೆ ಹಾಕಿ ಸ್ನಾನಕ್ಕೆ ಜಾಗ ಮಾಡಿದೆವು. 7,000 ರೂಪಾಯಿ. ಹುಡುಗರ ಕಷ್ಟವೂ ನಿಜವೇ ಆಗಿತ್ತು. ಅವರಿಗೆ ಬೇಕಿದ್ದದ್ದು ಸ್ನಾನಕ್ಕೆ ಒಂದು ಮರೆ. ಹಿಡಿಕೆ ಇರುವ ಶೌಚಾಲಯ ಅವರಿಗೆ ಬೇಕಿರಲೇ ಇಲ್ಲ.

ಮೇಜು

ಎರಡು ಅಗಲ ಮೇಜಿಗೆ ನಾನೇ ಒಂದು ನಿಯಮ ಬರೆದು ಅಂಟಿಸಿದ್ದೆ: ಖಾಲಿ ಇದ್ದರೆ ಯಾರು ಬೇಕಾದರೂ ಕೂರಬಹುದು, ಆ ಇಬ್ಬರು ಬಂದರೆ ಎದ್ದು ಕೊಡಬೇಕು. ಸುಮ್ನೆ ಖಾಲಿ ಬಿಡುವುದು ದಂಡ ಅಲ್ವಾ ಎಂಬ ಯೋಚನೆ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ನಿಯಮ ಇಲ್ಲ. ಬೇಕಾದವರಿಗೆ ಸಿಗುತ್ತದೆ, ವಸ್ತು ವ್ಯರ್ಥವೂ ಆಗುವುದಿಲ್ಲ.

ಎರಡು ತಿಂಗಳಾದ ಮೇಲೆ ರಿಜಿಸ್ಟರ್ ನೋಡಿದೆ. ಆ ಹೆಣ್ಣುಮಗಳು ತಿಂಗಳಲ್ಲಿ ಒಂಬತ್ತು ದಿನ ಮಾತ್ರ ಅಗಲ ಮೇಜಿನಲ್ಲಿ ಕೂತಿದ್ದಳು. ಉಳಿದ ದಿನ ಮಾಮೂಲಿ ಸೀಟು, ಅದೂ ಮಧ್ಯಾಹ್ನಕ್ಕೇ ಎದ್ದು ಹೋಗಿದ್ದಳು. ನಾನು ತಮ್ಮನಿಗೆ ಹೇಳಿದೆ, "ಅವಳಿಗೆ ಅದು ಅಷ್ಟೇನೂ ಬೇಕಾಗಿಲ್ಲ ಅನಿಸುತ್ತದೆ." ಅಂಕಿ ನೋಡಿ ಹೇಳಿದ ಮಾತು. ಆ ಅಂಕಿ ಸುಳ್ಳಾಗಿರಲಿಲ್ಲ, ನಾನು ಅದರಿಂದ ಓದಿಕೊಂಡದ್ದು ಸುಳ್ಳಾಗಿತ್ತು.

ಒಂದು ದಿನ ಚಹಾದ ಹೊತ್ತಿಗೆ ಅವಳನ್ನೇ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಸರ್, ಅವ್ರು ಎಲ್ಲಾರೂ ಚಲೋ ಮಂದೀನ. ಎದ್ದು ಕೊಡ್ತಾರ್ರಿ. ಆದ್ರ ದಿನಾ ಮುಂಜಾನೆ ಒಬ್ಬರನ್ನ ಎಬ್ಬಸೋದಂದ್ರ ದಿನಾ ಬೇಡಿಕೊಂಡಂಗ ಆಗ್ತದ. 'ಹತ್ತ ನಿಮಿಷ ಅಕ್ಕಾ' ಅಂತಾರ, ನಾ ಅಲ್ಲೇ ನಿಂತಿರ್ತೀನಿ. ಎಲ್ಲಾರೂ ನೋಡ್ತಾರ. ಅದಕ್ಕ ಕೇಳೋದ ಬಿಟ್ಟೆ." ಮಾಮೂಲಿ ಸೀಟಿನ ಮಂದ ಬೆಳಕಿನಲ್ಲಿ ಎರಡು ಗಂಟೆ ಓದಿದರೆ ಅವಳಿಗೆ ತಲೆನೋವು ಶುರುವಾಗುತ್ತಿತ್ತು. ಮಧ್ಯಾಹ್ನವೇ ಹೋಗುತ್ತಿದ್ದುದು ಅದಕ್ಕೆ.

ಕೇಳುವುದಕ್ಕೂ ಒಂದು ಖರ್ಚಿದೆ. ಅದು ಯಾವ ರಿಜಿಸ್ಟರಿನಲ್ಲೂ ಬರುವುದಿಲ್ಲ. ಮೇಜಿಗೆ ನಾವು ಇಟ್ಟ ಬೆಲೆ 600. ಅವಳು ಕೊಡುತ್ತಿದ್ದದ್ದು 600, ಅದರ ಮೇಲೆ ದಿನಕ್ಕೊಂದು ಮುಜುಗರ. ಆ ಬೆಲೆ ಅವಳಿಗೆ ಜಾಸ್ತಿಯಾಯಿತು, ಅವಳು ಕೊಳ್ಳುವುದನ್ನು ನಿಲ್ಲಿಸಿದಳು. ನಾನು ಅದನ್ನು 'ಬೇಡಿಕೆ ಇಲ್ಲ' ಎಂದು ಬರೆದುಕೊಂಡೆ. ಎಷ್ಟೋ ಕಚೇರಿಗಳಲ್ಲಿ, ಬ್ಯಾಂಕುಗಳಲ್ಲಿ, "ಅಂಗವಿಕಲರಿಗೆ ಅಂತ ಮಾಡಿಸಿದ್ದೆವು, ಯಾರೂ ಬಳಸಲಿಲ್ಲ" ಎನ್ನುತ್ತಾರೆ. ಆ ಮಾತು ಕೇಳಿದಾಗೆಲ್ಲ ನನಗೆ ಈಗ ಆ ಒಂಬತ್ತು ದಿನ ನೆನಪಾಗುತ್ತವೆ.

ಹಾಗಾದರೆ ಬೇರೆಯವರನ್ನು ಪೂರ್ತಿ ಹೊರಗಿಡಬೇಕೇ? ಅವರಿಗೆ ಆ ಮೇಜಿನಲ್ಲಿ ಏನು ಇಷ್ಟ ಎಂದು ಮೊದಲು ಕೇಳೋಣ ಎಂದೆ. ಇಪ್ಪತ್ತು ಜನರನ್ನು ಕೇಳಿದೆವು. ಹದಿಮೂರು ಜನ ಹೇಳಿದ್ದು ಒಂದೇ: ಪ್ಲಗ್ ಪಾಯಿಂಟ್. ಫೋನ್ ಚಾರ್ಜ್ ಆಗುತ್ತದೆ ಎಂದು ಅಲ್ಲಿ ಕೂರುತ್ತಿದ್ದರು! ಅಗಲ ಬೇಕೆಂದವರು ಆರೇಳು ಜನ ಮಾತ್ರ. ಹಿತ್ತಲಿನ ನಲ್ಲಿಯ ಪಾಠವೇ ಇಲ್ಲಿ ಮತ್ತೆ ಬಂತು. ಸುಮಾರು 20,000 ಖರ್ಚು ಮಾಡಿ ಎಲ್ಲ ಸೀಟಿಗೂ ಪ್ಲಗ್ ಎಳೆಸಿದೆವು. ಎರಡು ಮೇಜಿನ ಮೇಲಿನ ಒತ್ತಡ ಅರ್ಧಕ್ಕಿಂತ ಜಾಸ್ತಿ ಇಳಿಯಿತು. ಆ ಎರಡು ಮೇಜು ಆ ಇಬ್ಬರಿಗೇ ಎಂದು ಬರೆದೆವು. ಅವರು ಬರಲಿ ಬಿಡಲಿ, ಅವು ಅವರವೇ.

ಉಳಿದ ಆರು ಜನ ಅಗಲ ಮೇಜಿಗೆ ಹೆಚ್ಚು ದುಡ್ಡು ಕೊಡಲು ತಯಾರಿದ್ದರು. ಇಲ್ಲಿ ಲೆಕ್ಕ ಸ್ವಲ್ಪ ಬಿಡಿಸಿ ಹೇಳಬೇಕು. ಆರು ಅಗಲ ಮೇಜಿಗೆ 24 ಅಡಿ ಗೋಡೆ ಬೇಕು. ಅಷ್ಟರಲ್ಲಿ ಮಾಮೂಲಿ ಮೇಜು ಒಂಬತ್ತು ಹಿಡಿಯುತ್ತವೆ. ಒಂಬತ್ತಕ್ಕೆ 600ರಂತೆ 5,400. ಆರರಿಂದ ಅಷ್ಟೇ ಬರಬೇಕಾದರೆ ಒಂದಕ್ಕೆ 900 ಇಡಬೇಕು. ತಮ್ಮ ಮೊದಲು 800 ಇಡೋಣ ಎಂದಿದ್ದ. ಕೋಣೆ ತುಂಬಿದ ತಿಂಗಳಲ್ಲಿ ಅದು ನಷ್ಟ. 950 ಇಟ್ಟೆವು. ಮೇಜುಗಳಿಗೆ ಬಡಿಗೇರನಿಗೆ ಕೊಟ್ಟದ್ದು ತಲಾ 4,500ರಂತೆ 27,000. ಸೀಟು ಖಾಲಿ ಉಳಿಯುವ ತಿಂಗಳುಗಳಲ್ಲಿ ಕಳೆದುಕೊಂಡ ಮೂರು ಸೀಟಿಗೆ ಹೇಗೂ ಗಿರಾಕಿ ಇರುವುದಿಲ್ಲ. ಆಗ ಒಂದು ಮೇಜಿಗೆ 350ರಂತೆ ಆರಕ್ಕೆ 2,100 ಪೂರ್ತಿ ಲಾಭ. ಕೋಣೆ ತುಂಬಿದ ತಿಂಗಳಲ್ಲಿ ಮೂರು ಸೀಟಿನ 1,800 ಹೋಗಿ ಉಳಿಯುವುದು ಬರೀ 300.

ಅಂಗವಿಕಲತೆಯ ಕಾರಣಕ್ಕೆ ಅಗಲ ಮೇಜು ಬೇಕಾದವರು ಕೊಡುವುದು ಎಲ್ಲರಂತೆ 600. ಇದರ ಬಗ್ಗೆ ಇಬ್ಬರು ಹುಡುಗರು ಆಕ್ಷೇಪ ಎತ್ತಿದರು. "ಒಂದ ಮೇಜು, ಎರಡ ರೇಟ್ ಯಾಕ್ರಿ ಸರ್?" ನಾನು ಹೇಳಿದೆ: "ನಿಮಗ ಎರಡೂವರೆ ಅಡಿಯೊಳಗ ಓದಾಕ ಬರ್ತದ, ನಾಕಡಿ ಆರಾಮಕ್ಕ ಬೇಕು. ಅವರಿಗೆ ನಾಕಡಿ ಕೊಟ್ರ ಓದು ಶುರು ಆಗ್ತದ. ನೀವು 600ಕ್ಕ ಓದಾಕ ಶುರು ಮಾಡ್ತೀರಿ, ಅವರೂ 600ಕ್ಕ ಶುರು ಮಾಡಬೇಕಲ್ಲ?" ಒಬ್ಬ ಒಪ್ಪಿದ. ಇನ್ನೊಬ್ಬ ಬೇರೆ ರೀಡಿಂಗ್ ರೂಮಿಗೆ ಹೋದ.

ಕಾರ್ಡ್ ಕೇಳಬೇಕೇ?

ಎರಡು ದರ ಇಟ್ಟ ಕೂಡಲೇ ಈ ಪ್ರಶ್ನೆ ಬಂತು. ಸುಳ್ಳು ಹೇಳಿ 600ಕ್ಕೆ ಅಗಲ ಮೇಜು ಪಡೆದರೆ? ತಮ್ಮ ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ, ಕೇಳತೊಡಗಿದ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯ ಗುರುತಿಸಿದೆ. ಸರ್ಕಾರಿ ಕೆಲಸದ ಮೀಸಲಾತಿಯಂಥ ಸೌಲಭ್ಯಕ್ಕೆ ಕನಿಷ್ಠ 40 ಶೇಕಡಾ ಅಂಗವೈಕಲ್ಯ ಇರಬೇಕು ಎಂಬ ಗೆರೆಯೂ ಇದೆ. ನಾಲ್ಕು ಶೇಕಡಾ ಹುದ್ದೆ ಹಂಚುವಾಗ ಅಂಥ ಗೆರೆ ಬೇಕು, ಹುದ್ದೆ ಕರಗುವ ವಸ್ತು. ಒಂದು ಮೇಜಿಗೆ ಆ ಗೆರೆ ತಂದರೆ ಏನಾಗುತ್ತದೆ?

ಮೊದಲ ತಿಂಗಳೇ ಬೆನ್ನುಹುರಿಯ ಆಪರೇಷನ್ ಆದ ಒಬ್ಬಾಕೆ ಬಂದಳು. ಕಾರ್ಡ್ ಇಲ್ಲ. ಆರು ತಿಂಗಳಲ್ಲಿ ಸರಿಹೋಗಬಹುದು ಎಂದು ಡಾಕ್ಟರು ಹೇಳಿದ್ದರು. ಅವಳಿಗೆ ಮೇಜು ಬೇಕಿದ್ದದ್ದು ಆ ಆರು ತಿಂಗಳಿಗೇ. ವಿಕಾಸ್ ಕುಮಾರ್ ಮತ್ತು ಯುಪಿಎಸ್‌ಸಿ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಫೆಬ್ರವರಿಯಲ್ಲಿ ಹೇಳಿದ್ದೂ ಇದಕ್ಕೆ ಹತ್ತಿರದ ಮಾತು. ಬರೆಯುವಾಗ ಕೈ ಬಿಗಿಯುವ ತೊಂದರೆ ಇದ್ದ ಅಭ್ಯರ್ಥಿ ವಿಕಾಸ್ ಕುಮಾರ್. 40 ಶೇಕಡಾ ಗೆರೆ ದಾಟದವರಿಗೂ ಪರೀಕ್ಷೆಯಲ್ಲಿ ಅವರು ಹೇಳಿದ್ದನ್ನು ಬರೆದುಕೊಡುವವರ ನೆರವು ಸಿಗಬೇಕು ಎಂದು ಕೋರ್ಟ್ ತೀರ್ಪು ಕೊಟ್ಟಿತು.

ನಾನು ತಮ್ಮನಿಗೆ ಬೇರೆ ದಾರಿಯಲ್ಲಿ ಹೇಳಿದೆ. ಒಬ್ಬ ಸುಳ್ಳು ಹೇಳಿದರೆ ನಮಗೆ ತಿಂಗಳಿಗೆ 350 ನಷ್ಟ. ಕಾರ್ಡ್ ಕೇಳಿ ಒಬ್ಬ ನಿಜವಾದವನನ್ನು ವಾಪಸ್ ಕಳಿಸಿದರೆ ನಮ್ಮ ನಷ್ಟ 600, ಅವನದ್ದು ಒಂದು ವರ್ಷದ ಓದು. ಕಾರ್ಡ್ ಬಿಟ್ಟೆವು. "ನನಗೆ ಬೇಕು" ಎಂದರೆ ಸಾಕು, ಕಾರಣ ಕೇಳುವುದಿಲ್ಲ. ಇಲ್ಲಿಯವರೆಗೆ ಹಾಗೆ ಕೇಳಿದವರು ಐದು ಜನ. ಒಬ್ಬನ ಮೇಲೆ ನನಗೆ ಅನುಮಾನವಿತ್ತು. ಇದ್ದರೆ ಇರಲಿ.

ದನಿ

ರೋಣದ ಹುಡುಗಿಗಾಗಿ ಇಬ್ಬರು ಗೆಳತಿಯರು ನೋಟ್ಸ್ ಓದಿ ಫೋನಿನಲ್ಲಿ ರೆಕಾರ್ಡ್ ಮಾಡುತ್ತಿದ್ದರು. ನಮ್ಮ ಪರಿಚಯದ ನಿವೃತ್ತ ಮೇಷ್ಟ್ರೊಬ್ಬರು ತಾವೇ ಬರೆದ ಕರ್ನಾಟಕ ಇತಿಹಾಸದ ನೋಟ್ಸನ್ನು ಖುಷಿಯಿಂದ ಕೊಟ್ಟರು. ಸುಮಾರು 40 ಗಂಟೆಯಷ್ಟು ದನಿ ತಯಾರಾಯಿತು. ಅವರ ಒಪ್ಪಿಗೆ ಪಡೆದು ಎಲ್ಲರಿಗೂ ಕಳಿಸಿದೆವು. ಇದು ಹಂಚಿದಷ್ಟೂ ಬೆಳೆಯಿತು. ಹುಬ್ಬಳ್ಳಿಯಿಂದ ದಿನಾ ಓಡಾಡುವವರು ಚಿಗರಿಯಲ್ಲಿ ಕೂತು ಕೇಳಿದರು, ತಪ್ಪು ಇಸವಿಗಳನ್ನು ಹಿಡಿದು ತಿಳಿಸಿದರು. ತಮಗೂ ಫೈಲ್ ಸಿಗುತ್ತದೆ ಎಂದು ಓದಿಕೊಡಲು ಹೊಸಬರು ಮುಂದೆ ಬಂದರು. ಮೊದಲು ಇಬ್ಬರಿದ್ದ ಓದುಗರು ಒಂಬತ್ತಾದರು.

ಅಂಗಡಿಯಿಂದ ಕೊಂಡ ಪುಸ್ತಕಗಳ ಮಾತು ಬೇರೆ. 2012ರಲ್ಲಿ ತಿದ್ದುಪಡಿಯಾದ ಹಕ್ಕುಸ್ವಾಮ್ಯ ಕಾಯ್ದೆ ಅಂಗವಿಕಲರಿಗಾಗಿ ದನಿಯ ರೂಪದಂಥ ಪ್ರತಿ ಮಾಡಲು ಅವಕಾಶ ಕೊಡುತ್ತದೆ. ಆ ಪ್ರತಿ ಎಲ್ಲರಿಗೂ ಹಂಚಲು ಅಲ್ಲ. ಅದಕ್ಕೆ ಎರಡು ಫೋಲ್ಡರ್. ಮೇಷ್ಟ್ರ ನೋಟ್ಸ್ ಎಲ್ಲರದು, ಪುಸ್ತಕದ್ದು ಅವಳದು ಮಾತ್ರ. ಬರೆದವರ ಮತ್ತು ಮಾರುವವರ ಹೊಟ್ಟೆಪಾಡೂ ಇದೆ, ಈ ಗೆರೆ ನನಗೆ ಸರಿ ಅನಿಸುತ್ತದೆ.

ಹಂಚಿಕೆ ಚೆನ್ನಾಗಿ ನಡೆದ ಇಲ್ಲಿಯೂ ಒಂದು ಎಳೆದಾಟ ಬಂತು. ನಕ್ಷೆ ಬಂದಾಗ ಗೆಳತಿಯರು ನಿಧಾನವಾಗಿ ವಿವರಿಸುತ್ತಿದ್ದರು. ಮಲಪ್ರಭೆ ಎಲ್ಲಿ ಹುಟ್ಟಿ ಯಾವ ಕಡೆ ತಿರುಗಿ ಎಲ್ಲಿ ಕೃಷ್ಣೆಯನ್ನು ಸೇರುತ್ತದೆ ಎಂಬ ಥರ. ಕೇಳುಗರು ಹೆಚ್ಚಾದ ಮೇಲೆ, "ನಕ್ಷಾ ನಾವು ನೋಡ್ಕೋತೀವಿ, ಅದನ್ನ ಬಿಡ್ರಿ, ಬೋರ್ ಆಗ್ತದ" ಎಂಬ ಒತ್ತಾಯ ಬಂತು. ಓದುವವರಿಗೂ ಕೆಲಸ ಕಡಿಮೆ. ಇನ್ನೇನು ಬಿಟ್ಟೇಬಿಡುತ್ತಿದ್ದರು. ನೂರು ಕೇಳುಗರಲ್ಲಿ ತೊಂಬತ್ತೊಂಬತ್ತು ಜನಕ್ಕೆ ಬೇಡವಾದ ಭಾಗ ಅದು. ಆ ರೆಕಾರ್ಡಿಂಗ್ ಹುಟ್ಟಿದ್ದೇ ಉಳಿದ ಒಬ್ಬಳಿಗಾಗಿ. ಗೆಳತಿಯರಲ್ಲಿ ಒಬ್ಬಳು ಗಟ್ಟಿಯಾಗಿ ನಿಂತಳು: ನಕ್ಷೆ ಇರುತ್ತದೆ, ಬೇಡದವರು ಮುಂದಕ್ಕೆ ಓಡಿಸಿಕೊಳ್ಳಲಿ.

ಭಾನುವಾರದ ಮಾಕ್ ಟೆಸ್ಟ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಅವಳಿಗೆ ನಿಯಮದಂತೆ ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ ಕೊಡುತ್ತಿದ್ದೆವು. ಉಳಿದವರು ತಮಗೂ ಬೇಕೆಂದರು. ಒಂದು ವಾರ ಎಲ್ಲರಿಗೂ ಕೊಟ್ಟೆವು. ಬಹಳಷ್ಟು ಜನ ಅದನ್ನು ಬಳಸದೆ ಎದ್ದು ಹೋದರು. ಕೂತವರು ಮುಂದಿನ ವಾರ ತಾವೇ ಬೇಡವೆಂದರು. ನಿಜವಾದ ಪರೀಕ್ಷೆಯಲ್ಲಿ ಅವರಿಗೆ ಆ ಸಮಯ ಸಿಗುವುದಿಲ್ಲ, ಅಭ್ಯಾಸ ಕೆಡುತ್ತದೆ ಎಂದು. ಅವಳಿಗೆ ಸಿಗುತ್ತದೆ, ಅವಳ ಅಭ್ಯಾಸ ಅದರಂತೆಯೇ ಆಗಬೇಕು.

ಈಗ

ಶಿಗ್ಗಾವಿಯ ಹುಡುಗನಿಗೆ ಕೆಲಸ ಸಿಕ್ಕಿತು. ಹೋಗುವ ದಿನ ಶೌಚಾಲಯದ ಕೀಲಿಯನ್ನು ತಂದು ನನ್ನ ಕೈಗಿಟ್ಟ. ಅದಾದ ಮೇಲೆ ಒಂದು ಅಗಲ ಮೇಜನ್ನು ತನ್ನದೆಂದು ಹೇಳಿಕೊಳ್ಳುವವರು ಇರಲಿಲ್ಲ. ಅಷ್ಟರಲ್ಲಿ ಹೊಸ ಅಧಿಸೂಚನೆ ಬಂತು, ಕೋಣೆ ತುಂಬಿತು, ಮೂರು ಹುಡುಗರು ಸೀಟಿಲ್ಲದೆ ವಾಪಸ್ ಹೋದರು. ತಮ್ಮ ಕೇಳಿದ, "ಅಣ್ಣಾ, ಅದನ್ನ 950ಕ್ಕ ಕೊಟ್ಟುಬಿಡೂಣೇನು? ಯಾರರ ಬಂದ್ರ ಆಗ ನೋಡಿದ್ರಾತು."

ಆಗ ನೋಡಿದರಾಯಿತು ಎಂದರೆ, ಬಂದವರು ಕೂತವರನ್ನು ಎಬ್ಬಿಸಬೇಕು. ಅದನ್ನು ಒಮ್ಮೆ ನೋಡಿದ್ದೇವೆ. ತಿಂಗಳಿಗೆ 950 ಬಿಡುವುದು ಸಣ್ಣ ಮಾತಲ್ಲ, ತಮ್ಮನಿಗೆ ಇಬ್ಬರು ಮಕ್ಕಳ ಫೀಸ್ ಕಟ್ಟಬೇಕು. ಎರಡು ದಿನ ಇಬ್ಬರೂ ಮಾತಾಡಿದೆವು. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಮೇಜನ್ನು ದಿನದ ಲೆಕ್ಕದಲ್ಲಿ, 40 ರೂಪಾಯಿಗೆ, ಬೆಳಿಗ್ಗೆ ಹನ್ನೊಂದರ ಮೇಲೆ ಮಾತ್ರ ಕೊಡುವುದು. ಅದರಲ್ಲಿ ಯಾರೂ ಪುಸ್ತಕ ಬಿಟ್ಟು ಹೋಗುವಂತಿಲ್ಲ. ಮೇಜು ಬೇಕಾದವರು ಬಂದರೆ ಎಬ್ಬಿಸುವುದು ತಮ್ಮನ ಕೆಲಸ, ಬಂದವರು ಬಾಯಿ ಬಿಡಬೇಕಾಗಿಲ್ಲ. ತಿಂಗಳಲ್ಲಿ ಹದಿನೈದು ದಿನ ಹೋದರೂ 600 ಬರುತ್ತದೆ.

ಕಳೆದ ವಾರ ಕೊಪ್ಪಳದಿಂದ ಒಬ್ಬ ತಂದೆ ಬಂದಿದ್ದರು. ಮಗಳು ವೀಲ್‌ಚೇರಿನಲ್ಲಿ ಓಡಾಡುತ್ತಾಳಂತೆ. ಟೇಪ್ ತಂದಿದ್ದರು. ರ‍್ಯಾಂಪ್ ಅಳೆದರು, ಬಾಗಿಲು ಅಳೆದರು, ಮೇಜಿನ ಕೆಳಗೆ ಬಗ್ಗಿ ಎತ್ತರ ಅಳೆದರು. ಮೇಜಿನ ಅಡ್ಡಪಟ್ಟಿ ಮಂಡಿಗೆ ತಾಗುತ್ತದೆ ಎಂದರು. ಬಡಿಗೇರ ನಾಳೆ ಬರುತ್ತಾನೆ.